ಅಪ್ಪನ ಅಕ್ಷರ ಕೂರುವ ಯಂತ್ರ

ಶಿಕಾರಿಪುರ
೧೬-೮-೧೯೯೮

ಪ್ರೀತಿಯ ಬಂಗಾರಿಗೆ ಮಾದೇವಿಯ ಶರಣು.

ನೀನು ಬಳ್ಳಾರಿಯಿಂದ ಬರೆದ ಎರಡು ಕಾಗದವೂ ಸಿಕ್ಕಿವೆ. ಮೊದಲನೆಯದಕ್ಕೆ ಉತ್ತರ ಬರೆಯಬೇಕು ಅಂದುಕೊಳ್ಳುತ್ತಲೇ ಮಳೆಗಾಲ ಅರ್ಧ ಮುಗಿಯಿತು. ಎರಡನೆಯದರಲ್ಲಿ ನೀನು "ಇದ್ದೀಯೋ ಇಲ್ಲವೋ ಅದನ್ನಾದರೂ ತಿಳಿಸು ಮಾರಾಯ್ತಿ" ಅಂತ ಒಂದೇ ಸಾಲು ಗೀಚಿ ಕಳಿಸಿದ್ದೆಯಲ್ಲ, ಅದನ್ನು ಇವರಿಗೆ ಓದಿ ಹೇಳಿದೆ. ಎಷ್ಟೋ ದಿನದ ಮೇಲೆ ಇವರು ಜೋರಾಗಿ ನಕ್ಕರು. ನಿನ್ನ ಬೈಗುಳದಿಂದ ಅಷ್ಟು ಒಳ್ಳೆಯದಾಯಿತು ಅಂದುಕೋ. ತಡ ಮಾಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇವರ ಆರೋಗ್ಯದ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಕಳೆದ ಚಳಿಗಾಲದಲ್ಲಿ ಲಕ್ವ ಹೊಡೆದಾಗ ನೀನು ಆಸ್ಪತ್ರೆಗೆ ಬಂದು ನನ್ನ ಪಕ್ಕ ಕೂತು ಹೋದವಳು. ಆವಾಗ ನೋಡಿದ ಮನುಷ್ಯ ಈಗಿಲ್ಲ. ಕೋಲು ಹಿಡಿದು ಪಡಸಾಲೆಯಿಂದ ಬೀದಿ ಬಾಗಿಲವರೆಗೆ ತಾವೇ ನಡೆಯುತ್ತಾರೆ. ದಿನಾ ಬೆಳಿಗ್ಗೆ ಪೇಪರು ಹಿಡಿದು ಕೂರುತ್ತಾರೆ. ಮಾತು ಬಹುಪಾಲು ಮರಳಿದೆ. ಯಾವುದೋ ಒಂದು ಶಬ್ದ ಬಾಯಿಗೆ ಬರದಿದ್ದರೆ ಸಿಟ್ಟು ಮಾಡಿಕೊಂಡು ಸುಮ್ಮನಾಗುತ್ತಾರೆ, ಅಷ್ಟೆ. ಬಲಗೈ ಮಾತ್ರ ಬರಲಿಲ್ಲ ಕಣೇ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಈ ಮೂರೂರಿನ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಬೋರ್ಡು ಬರೆದ ಕೈ ಅದು. ಈಗ ತೊಡೆಯ ಮೇಲೆ ಸುಮ್ಮನೆ ಮಲಗಿರುತ್ತದೆ.

ನಿನಗೆ ನೆನಪಿದೆಯಾ, ಸೊರಬದಲ್ಲಿ ನಮ್ಮಪ್ಪನ ಜವಳಿ ಅಂಗಡಿಗೆ ಇವರು ಬೋರ್ಡು ಬರೆಯಲು ಬಂದಿದ್ದು? ನಾವಿಬ್ಬರೂ ಹೈಸ್ಕೂಲಿಗೆ ಹೋಗುತ್ತಿದ್ದೆವು. ಏಣಿಯ ಮೇಲೆ ಬೆನ್ನು ತಿರುಗಿಸಿ ನಿಂತಿದ್ದರು, ಮುಖ ಕಾಣಲಿಲ್ಲ. "ಆ ‘ಳ’ ನೋಡೇ, ಬಾಲ ಎತ್ಕಂಡು ಹೊರಟಂಗಿದೆ" ಅಂತ ನೀನೇ ಅಂದಿದ್ದು. ಮುಂದೆ ಸಂಬಂಧ ಬಂದಾಗ ವ್ಯಾಪಾರಸ್ಥರ ಮನೆಯ ಹುಡುಗಿಯನ್ನು ಪೇಂಟು ಬಳಿಯುವವನಿಗೆ ಕೊಡುವುದೇ ಅಂತ ದೊಡ್ಡಪ್ಪಂದಿರು ಗೊಣಗಿದರು. ನಮ್ಮಪ್ಪ, "ದಿನಾ ಬಾಗಿಲು ತೆಗೆಯೋವಾಗ ಅವನ ಅಕ್ಷರ ನೋಡ್ತೀನಿ. ಅವಸರದ ಮನುಷ್ಯ ಅಲ್ಲ ಅವನು" ಅಂದು ಬಾಯಿ ಮುಚ್ಚಿಸಿದ. ಹಾಗಾಗಿ ನಾನು ಮನುಷ್ಯನಿಗಿಂತ ಮೊದಲು ಅಕ್ಷರವನ್ನೇ ನೋಡಿದವಳು.

ಈಗ ಇವತ್ತಿನ ಸುದ್ದಿ. ನಮ್ಮ ಬಿಂದುಶ್ರೀ ದಾವಣಗೆರೆಯಲ್ಲಿ ಚಿತ್ರಕಲೆ ಕಲಿತು ಶಿವಮೊಗ್ಗದಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತು. ಅಪ್ಪ ಮಲಗಿದ ಮೇಲೆ ಅದನ್ನು ಬಿಟ್ಟು ಬಂದಳು. ಕಳೆದ ತಿಂಗಳು ಪೇಟೆಗೆ ಹೋದವಳು ಅಗಲವಾದ ಒಂದು ತಗಡನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದಳು. ಮೆಡಿಕಲ್ ಶಾಪಿನ ಹಳೇ ಬೋರ್ಡು. ಅದನ್ನು ಕಿತ್ತು, ಒಳಗೆ ಲೈಟು ಉರಿಯುವ ಪ್ಲಾಸ್ಟಿಕ್ಕಿನ ಬೋರ್ಡು ಹಾಕಿದ್ದಾರೆ. ಅದರಲ್ಲಿ ಕಂಪ್ಯೂಟರಿನ ಅಕ್ಷರ. ಇವರು ಬರೆದ ತಗಡು ಗೋಡೆಗೆ ಒರಗಿಕೊಂಡು ಮಳೆಯಲ್ಲಿ ನೆನೆಯುತ್ತಿತ್ತಂತೆ.

"ಅವ್ವಾ, ಇನ್ನು ಸ್ವಲ್ಪ ವರ್ಷಕ್ಕೆ ಅಪ್ಪಾಜಿ ಬರ್ದಿದ್ದು ಊರಾಗೆ ಒಂದೂ ಉಳಿಯಲ್ಲ" ಅಂದಳು.

"ಏನ್ ಮಾಡಕಾಗ್ತದೆ ತಾಯಿ, ಎಲ್ಲಾ ಕಂಪ್ಯೂಟರ್ ಆಗೋಯ್ತಲ್ಲ" ಅಂದೆ.

"ಹಂಗಾದ್ರೆ ಆ ಕಂಪ್ಯೂಟರ್ ಒಳಗಿರೋ ಅಕ್ಷರನೇ ಅಪ್ಪಾಜಿದು ಆಗ್ಲಿ ಬಿಡು."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದಳು. ಇವರ ಕೈಯ ಒಂದೊಂದು ಅಕ್ಷರವನ್ನೂ ಕಂಪ್ಯೂಟರಿನಲ್ಲಿ ತಿದ್ದಿ ಚಿತ್ರಿಸಿ ಇಟ್ಟುಬಿಟ್ಟರೆ, ಮುಂದೆ ಯಾರು ಎಲ್ಲಿ ಕೂತು ಕೀಲಿ ಒತ್ತಿದರೂ ಇವರ ಬ್ರಷ್ಷಿನ ಅಕ್ಷರವೇ ಮೂಡುತ್ತದಂತೆ. ಅಂಥ ಕೆಲಸಕ್ಕೆಂದೇ ಸಾಫ್ಟ್‌ವೇರು ಇದೆಯಂತೆ. ಅದಕ್ಕೆ ಲ್ಯಾಪ್‌ಟಾಪೇ ಬೇಕು ಅನ್ನುತ್ತಾಳೆ. ನಮ್ಮ ಕರೆಂಟಿನ ಕಥೆ ನಿನಗೆ ಗೊತ್ತಲ್ಲ, ಗೆರೆ ಎಳೆಯುತ್ತಿರುವಾಗಲೇ ಹೋದರೆ ಮಾಡಿದ್ದೆಲ್ಲ ಹಾಳು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುತ್ತದೆ, ಅಪ್ಪನ ಮಂಚದ ಹತ್ತಿರವೂ ಒಯ್ಯಬಹುದು, ಬೋರ್ಡು ಇರುವಲ್ಲಿಗೂ ಒಯ್ಯಬಹುದು. ಇವರು ಎಲ್ಲ ಕೇಳಿಸಿಕೊಂಡು, "ನನ್ನ ಮೋಟಾರ್ ಬೈಕು ಮಾರ್ಬಿಡು. ನಾನೇನು ಇನ್ನ ಹೊಡಿಯಲ್ಲ" ಅಂದರು. ಮಗಳ ಕಣ್ಣಲ್ಲಿ ನೀರು ಬಂತು. ಇವರ ಕಣ್ಣಲ್ಲಿ ಬರಲಿಲ್ಲ.

ಆದರೆ ಯಂತ್ರ ಕೊಳ್ಳುವುದೊಂದೇ ಅಲ್ಲವಂತೆ. ಅದರೊಳಗೆ ಎಲ್ಲವನ್ನೂ ನಡೆಸುವ ಆಪರೇಟಿಂಗ್ ಸಿಸ್ಟಂ ಅಂತ ಒಂದಿದೆ, ಅದು ಯಾವುದಿರಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಬಸ್‌ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ ಇಟ್ಟ ಚನ್ನೇಶ್ "ವಿಂಡೋಸ್" ಅನ್ನುತ್ತಾನೆ. ಹುಬ್ಬಳ್ಳಿಯಲ್ಲಿ ಬಣ್ಣದಲ್ಲಿ ಅಚ್ಚು ಹಾಕುವ ದೊಡ್ಡ ಪ್ರೆಸ್ಸಿನಲ್ಲಿರುವ ನನ್ನ ತಮ್ಮ ಸಂಗಮೇಶ "ಮ್ಯಾಕ್" ಅನ್ನುತ್ತಾನೆ. ಪಂಚಮಿಗೆ ಸಂಗಮೇಶ ಬಂದಾಗ ಇಬ್ಬರೂ ನಮ್ಮ ಪಡಸಾಲೆಯಲ್ಲೇ ಜಗಳಕ್ಕೆ ಬಿದ್ದರು.

"ಅಕ್ಕಾ, ಚಿತ್ರ ಬರಿಯೋರ ಮಷಿನ್ ಅಂದ್ರ ಅದೊಂದೇ. ಗೆರಿ ಹೆಂಗ್ ಕಾಣ್ತದ ನೋಡಬೇಕ ನೀನು. ನಮ್ಮ ಪ್ರೆಸ್ಸಿನ್ಯಾಗ ಮತ್ತೊಂದು ಮುಟ್ಟೂದಿಲ್ಲ" ಅಂತ ತಮ್ಮ.

"ಚಿತ್ರ ಬರ್ಯೋದೇನೋ ಸರಿ ಸಂಗಮೇಶಣ್ಣ, ಆದ್ರೆ ಕನ್ನಡ ಟೈಪ್ ಮಾಡೋರಾಗೆ ಈ ಕಡೆ ಯಾರ ಹತ್ರ ಐತೆ ಅದು? ಶಿಕಾರಿಪುರದಾಗೆ ಒಂದು ತೋರ್ಸಿ" ಅಂತ ಚನ್ನೇಶ್.

ನಾನು ಉಂಡೆ ತಟ್ಟೆ ಹಿಡಿದುಕೊಂಡು, ಎರಡರಲ್ಲೂ ಮಾಡಿಟ್ಟರೆ ಆಗದೇನು ಅಂದೆ. ಅಕ್ಷರದ ಆಕಾರ ಎರಡರಲ್ಲೂ ಮಾಡಬಹುದಂತೆ. ಆದರೆ ಕೀಲಿ ಒತ್ತಿದಾಗ ಕೊಂಬು, ದೀರ್ಘ, ಒತ್ತು ಎಲ್ಲ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರಬೇಕಲ್ಲ, ಆ ಜೋಡಣೆ ಎರಡಕ್ಕೂ ಬೇರೆ ಬೇರೆ. ಒಬ್ಬಳೇ ಹುಡುಗಿ ಒಂದನ್ನು ಮುಗಿಸುವುದೇ ಹೆಚ್ಚು ಅಂದಳು ಬಿಂದು. ಹುಬ್ಬಳ್ಳಿಗೆ ಹೋಗಿ ಒಮ್ಮೆ ಕಣ್ಣಾರೆ ನೋಡುವುದು ಅಂತ ತೀರ್ಮಾನವಾಗಿದೆ.

ಮುಂದಿನದನ್ನು ಇಷ್ಟು ತಡ ಮಾಡದೆ ಬರೆಯುತ್ತೇನೆ. ನಿನ್ನ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ,
ಮಾದೇವಿ

*

ಶಿಕಾರಿಪುರ
೨೫-೧೦-೧೯೯೮

ಪ್ರೀತಿಯ ಬಂಗಾರಿಗೆ,

ದೀಪಾವಳಿಗೆ ನೀನು ಕಳಿಸಿದ ಸೀರೆ ಉಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬಣ್ಣ ನನಗೆ ಒಪ್ಪುತ್ತದೆ ಅಂತ ಇವರೇ ಹೇಳಿದರು. ಬಣ್ಣದ ವಿಷಯದಲ್ಲಿ ಇವರು ಸುಳ್ಳು ಹೇಳುವವರಲ್ಲ. ತಡ ಮಾಡುವುದಿಲ್ಲ ಅಂದವಳು ಮತ್ತೆ ತಡ ಮಾಡಿದೆ, ಆದರೆ ಕಾರಣ ಕೇಳಿದರೆ ನೀನು ಬೈಯಲಾರೆ. ನಮ್ಮ ಬಿಂದು ಒಂದು ಕೆಲಸ ಮಾಡಿದ್ದಾಳೆ. ಅದರಿಂದ ತಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಆದರೂ ನನಗೆ ಒಳಗೊಳಗೇ ಹೆಮ್ಮೆ ಉಕ್ಕುತ್ತಿದೆ.

ಹುಬ್ಬಳ್ಳಿಗೆ ನಾನೂ ಅವಳ ಜೊತೆ ಹೋಗಿದ್ದೆ. ಪ್ರೆಸ್ಸಿನ ತಣ್ಣನೆಯ ಕೋಣೆಯಲ್ಲಿ ಚಪ್ಪಲಿ ಬಿಚ್ಚಿಸಿ ಒಳಗೆ ಬಿಟ್ಟರು. ಬಿಂದು ಒಯ್ದಿದ್ದ ‘ಶ’ ಅಕ್ಷರದ ಫೋಟೋವನ್ನು ಅವರ ಮ್ಯಾಕ್ ಯಂತ್ರದೊಳಗೆ ಹಾಕಿ ಅಂಚು ತಿದ್ದಿದರು. ಬಂಗಾರಿ, ಏನಂತ ಹೇಳಲಿ! ಬ್ರಷ್ಷು ಕೊನೆಯಲ್ಲಿ ಸ್ವಲ್ಪ ಒತ್ತಿ ಎತ್ತಿದ ಗುರುತು ಕೂಡ ಕಾಣುತ್ತಿತ್ತು. ಇವರು ಏಣಿ ಇಳಿದು ಹಿಂದೆ ಸರಿದು ನಿಂತು ನೋಡುತ್ತಿದ್ದರಲ್ಲ, ಹಾಗೆ ಬಿಂದುವೂ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅವಳ ಮುಖ ನೋಡಿಯೇ ಇವಳು ಇದಕ್ಕೆ ಮನಸೋತಳು ಅಂತ ನನಗೆ ಗೊತ್ತಾಯಿತು.

ಪ್ರೆಸ್ಸಿನ ಮಾಲೀಕರೂ ಬಂದರು. ದೊಡ್ಡ ಮನುಷ್ಯರು, ಆದರೆ ಮಾತು ಮೆತ್ತಗೆ. "ನಿಮ್ಮ ತಂದೆಯವರ ಕೈ ಬಹಳ ಛಲೋ ಅದ" ಅಂದರು. ಲ್ಯಾಪ್‌ಟಾಪ್ ತಾವೇ ಕೊಡುತ್ತೇವೆ, ಸಾಫ್ಟ್‌ವೇರೂ ಕೊಡುತ್ತೇವೆ, ಮನೆಯಲ್ಲೇ ಕೂತು ಕೆಲಸ ಮಾಡಲಿ, ಮುಗಿದ ಮೇಲೆ ಬಿಂದುಗೆ ಅಲ್ಲೇ ಕಾಯಂ ಕೆಲಸ. ಅಕ್ಷರ ಮಾತ್ರ ಅವರ ಪ್ರೆಸ್ಸಿನದು, ಹೆಸರೂ ಪ್ರೆಸ್ಸಿನದೇ. ಬೇರೆ ಯಾರಿಗೂ ಕೊಡುವಂತಿಲ್ಲ. ಅವರು ಹೇಳಿದ್ದರಲ್ಲಿ ಮೋಸವೇನೂ ಇರಲಿಲ್ಲ. ಸಂಗಮೇಶ ನನ್ನ ಕೈ ಹಿಡಿದು, "ಅಕ್ಕಾ, ಮನಿ ಬಾಗಿಲಿಗೆ ಬಂದದ. ಹೂಂ ಅನ್ನು" ಅಂದ. ನನಗೂ ಹೂಂ ಅನ್ನಬೇಕೆಂದೇ ಇತ್ತು. ಬಿಂದು ಮಾತ್ರ, "ಮಾಮಾ, ಒಂದಿಷ್ಟು ದಿನ ಟೈಮ್ ಕೊಡ್ರಿ. ಅಪ್ಪಾಜಿ ಬೋರ್ಡು ಇನ್ನೂ ನೋಡೋದೈತೆ" ಅಂದಳು.

ಆಮೇಲೆ ಬೋರ್ಡು ಹುಡುಕುವ ತಿರುಗಾಟ ಶುರುವಾಯಿತು. ಎಲ್ಲ ಅಕ್ಷರವೂ ಸಿಗಬೇಕಲ್ಲ. ಇವರು ಎಲ್ಲೆಲ್ಲಿ ಬರೆದಿದ್ದರು ಅಂತ ಇವರಿಗೆ ನೆನಪಾದಷ್ಟು ಹೇಳಿದರು, ಉಳಿದದ್ದು ನಾನು ನೆನಪಿಸಿಕೊಂಡೆ. ಕುಪ್ಪಗಡ್ಡೆಯ ಸೊಸೈಟಿಯಲ್ಲಿ ‘ಸಂಘ’ದ ‘ಘ’ ಸಿಕ್ಕಿತು. ಬಳ್ಳಿಗಾವಿಯ ದೇವಸ್ಥಾನದಲ್ಲಿ ‘ಛಾಯಾಚಿತ್ರ ತೆಗೆಯಬಾರದು’ ಅನ್ನುವ ಹಲಗೆಯ ‘ಛ’ವನ್ನು ಛಾಯಾಚಿತ್ರ ತೆಗೆಯಲು ಹೋಗಿ ಕಾವಲಿನವನ ಹತ್ತಿರ ಬೈಸಿಕೊಂಡಳು. ಕ್ಯಾಸನೂರಿನಲ್ಲಿ, ಕಾಡಿನ ದಾರಿ ಶುರುವಾಗುವಲ್ಲಿ, ‘ಸತ್ತ ಮಂಗವನ್ನು ಮುಟ್ಟಬೇಡಿ’ ಅಂತ ಕೆಂಪು ಬಣ್ಣದಲ್ಲಿ ಬರೆದ ಬೋರ್ಡು ಇನ್ನೂ ಇದೆ. ಮಂಗನ ಕಾಯಿಲೆ ಹೆಚ್ಚಾದ ವರ್ಷ ಬರೆದದ್ದು. ಅಲ್ಲಿಯ ಅಕ್ಷರದಲ್ಲಿ ಬಾಲ, ಬಳುಕು ಒಂದೂ ಇಲ್ಲ, ನೆಟ್ಟಗೆ ನಿಂತಿವೆ. ಯಾಕೆ ಅಂತ ಬಂದು ಇವರನ್ನು ಕೇಳಿದ್ದಕ್ಕೆ, "ಹೆದ್ರಿಕೆ ಹೇಳೋವಾಗ ಚಂದ ಮಾಡಬಾರ್ದು" ಅಂದರು. ಬಿಂದು ಆ ಮಾತನ್ನು ಬರೆದಿಟ್ಟುಕೊಂಡಳು.

ಕೊನೆಗೆ ಸೊರಬಕ್ಕೆ ಹೋದೆವು. ಹಾಲಮ್ಮನ ಖಾನಾವಳಿ ನಿನಗೆ ಗೊತ್ತೇ ಇದೆ, ಸ್ಕೂಲು ಬಿಟ್ಟು ಬರುವಾಗ ರೊಟ್ಟಿ ಸುಡುವ ವಾಸನೆಗೆ ನಿಂತುಬಿಡುತ್ತಿದ್ದೆವಲ್ಲ. ಹಾಲಮ್ಮನಿಗೆ ಈಗ ತಲೆ ಬೆಳ್ಳಗಾಗಿದೆ, ಧ್ವನಿ ಹಾಗೇ ಇದೆ. ರಸ್ತೆ ಅಗಲ ಮಾಡುತ್ತಾರಂತೆ, ಮುಂದಿನ ಗೋಡೆ, ಬೋರ್ಡು ಎರಡೂ ಹೋಗುತ್ತವಂತೆ. ಬಿಂದು ಸ್ಟೂಲು ಹತ್ತಿ ಬೋರ್ಡಿನ ಮೇಲೆ ಬಟರ್ ಪೇಪರು ಹಿಡಿದು ‘ಖ’ದ ಗೆರೆ ಎತ್ತಿಕೊಳ್ಳುತ್ತಿದ್ದಳು. ಹಾಲಮ್ಮ ಕೆಳಗೆ ನಿಂತು ಸೊಂಟಕ್ಕೆ ಕೈ ಕೊಟ್ಟುಕೊಂಡು ನೋಡುತ್ತಿದ್ದಳು.

"ಅಲ್ವೇ ಹುಡುಗಿ, ಇದು ಆ ಮಿಷನ್ನಿಗೆ ಹೋದ್ರೆ, ನಂಗೆ ಹೊಸ ಬೋರ್ಡು ಇದೇ ಅಕ್ಷರದಾಗೆ ಬರ್ತದಾ?"

"ಬರ್ತದೆ ಅಜ್ಜಿ."

"ಯಾರು ಮಾಡ್ಕೊಡ್ತಾರೆ? ಇಲ್ಲೇ ಪೋಸ್ಟಾಫೀಸ್ ಹತ್ರ ಆ ಕಂಪ್ಯೂಟರಿನ ಹುಡುಗ್ರು ಅದಾರಲ್ಲ, ಅವ್ರು ಮಾಡ್ತಾರಾ?"

ಬಿಂದು ಸ್ಟೂಲಿನ ಮೇಲೇ ನಿಂತುಬಿಟ್ಟಳು. ಆ ಹುಡುಗರ ಹತ್ತಿರ ಇರುವುದು ವಿಂಡೋಸ್. ಹುಬ್ಬಳ್ಳಿಯ ಮಾತಿಗೆ ಒಪ್ಪಿದರೆ ಹಾಲಮ್ಮ ತನ್ನ ಖಾನಾವಳಿಯ ಬೋರ್ಡಿಗೆ ಹುಬ್ಬಳ್ಳಿಗೆ ಹೋಗಬೇಕು.

"ಯಾಕೆ, ಆಗದಿಲ್ವಾ?" ಅಂದಳು ಹಾಲಮ್ಮ. "ಆಗದಿದ್ರೆ ಬಿಡು. ನಿಮ್ಮಪ್ಪನೇ ಬರೀಲಿ ಅಂತ ನಮ್ಮನೇವ್ರು ಒಂದು ತಿಂಗ್ಳು ಕಾದಿದ್ರು ಆವಾಗ. ಬೇರೆ ಅಕ್ಷರದ ಕೆಳಗೆ ಕೂತು ಹೆಂಗೆ ರೊಟ್ಟಿ ಬಡೀಲಿ, ಅದಕ್ಕೆ ಕೇಳ್ದೆ."

ಬಸ್ಸು ಶಿರಾಳಕೊಪ್ಪ ಮುಟ್ಟಿದಾಗ ಬಿಂದು ನನ್ನ ಕಡೆ ತಿರುಗಿದಳು. "ಅವ್ವಾ, ಅಪ್ಪಾಜಿ ಯಾವತ್ತಾದ್ರೂ ಒಂದೇ ಅಂಗಡಿಗೆ ಅಂತ ಅಕ್ಷರ ಬರ್ದಿದ್ರಾ?" ಅಂದಳು. ನಾನು ಇಲ್ಲ ಅಂದೆ. ಅಷ್ಟೇ ನಡೆದದ್ದು. ಅದರ ಮೇಲೆ ಅವಳನ್ನು ಏನೂ ಕೇಳುವುದು ಉಳಿದಿರಲಿಲ್ಲ.

ಮರುದಿನ ಚನ್ನೇಶನ ಅಂಗಡಿಯ ಫೋನಿನಿಂದ ಸಂಗಮೇಶನಿಗೆ ತಾನೇ ಹೇಳಿದಳು. "ಮಾಮಾ, ಅಲ್ಲಿ ಗೆರೆ ಚಂದ ಕಾಣ್ತದೆ, ನಾನು ಇಲ್ಲ ಅನ್ನಲ್ಲ. ಇಲ್ಲಿ ವಿಂಡೋಸಿನಾಗೆ ಸಣ್ಣ ಅಕ್ಷರ ಮಾಡಿದ್ರೆ ಸ್ಕ್ರೀನಿನ ಮೇಲೆ ಮೆಟ್ಲು ಮೆಟ್ಲಾಗಿ ಕಾಣ್ತದೆ, ಒಂದೊಂದೂ ಕೈಯಾಗೆ ತಿದ್ದಬೇಕು. ತಿದ್ತೀನಿ. ಆದ್ರೆ ಅಪ್ಪಾಜಿ ಅಕ್ಷರ ಸೊರಬದಾಗೆ ಬರಿಯೋಕೆ ಬರಬೇಕು." ಆ ಕಡೆಯಿಂದ ಅವನು ಏನೇನಂದನೋ. ನನ್ನ ಕೈಗೆ ಫೋನು ಬಂದಾಗ, "ಮಗಳಿಗೆ ಬುದ್ಧಿ ಹೇಳೂದು ಬಿಟ್ಟು ನೀನೂ ಕುಣಿ" ಅಂತ ಇಟ್ಟುಬಿಟ್ಟ. ಮಾಲೀಕರ ಮುಂದೆ ಅವನ ಮುಖ ಸಣ್ಣದಾಗಿರಬೇಕು, ಪಾಪ. ದೀಪಾವಳಿಗೆ ಬರಲಿಲ್ಲ. ತಮ್ಮ ಬಾರದ ಹಬ್ಬ ನನಗೆ ಇದೇ ಮೊದಲು.

ಇವರಿಗೆ ಎಲ್ಲ ಹೇಳಿದಾಗ ಎಡಗೈಯಿಂದ ಮಗಳ ತಲೆ ಸವರಿದರು. "ನೀ ನಿಂತ ಏಣಿ ನೀನೇ ಹಿಡ್ಕಾ" ಅಂದರು. ಮೋಟಾರ್ ಬೈಕು ಹೋಯಿತು, ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಬಂತು. ಚನ್ನೇಶ್ ಶಿವಮೊಗ್ಗಕ್ಕೆ ಜೊತೆಗೆ ಹೋಗಿ ವಿಂಡೋಸ್ ಹಾಕಿಸಿಕೊಂಡು ಬಂದ. ಕುಂಕುಮ ಹಚ್ಚಿ, ವಿಭೂತಿ ಇಟ್ಟು, ಇವರ ಮಂಚದ ಪಕ್ಕದ ಟೇಬಲ್ಲಿನ ಮೇಲೆ ಇಟ್ಟಿದ್ದೇವೆ.

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕುವುದು ಬಿಡಬೇಡ. ಮಕ್ಕಳಿಗೆ ಒಳ್ಳೆಯದಾಗಲಿ.

ನಿನ್ನ,
ಮಾದೇವಿ

*

ಶಿಕಾರಿಪುರ
೧೧-೪-೧೯೯೯

ಪ್ರೀತಿಯ ಬಂಗಾರಿಗೆ,

ಯುಗಾದಿಯ ಬೇವು-ಬೆಲ್ಲವನ್ನು ಈ ಕಾಗದದಲ್ಲೇ ತೆಗೆದುಕೋ. ನಿನ್ನ ಮಗನಿಗೆ ಹೆಣ್ಣು ಗೊತ್ತಾದ ಸುದ್ದಿ ಓದಿ ಬಹಳ ಸಂತೋಷವಾಯಿತು. ಉತ್ತರ ಬರೆಯಲು ಇಷ್ಟು ದಿನ ಹಿಡಿದದ್ದಕ್ಕೆ ಬೇಸರ ಪಡಬೇಡ. ಲಗ್ನಪತ್ರಿಕೆಯನ್ನು ಅಲ್ಲೆಲ್ಲೂ ಹಾಕಿಸಬೇಡ. ನಾವು ಮಾಡಿ ಕಳಿಸುತ್ತೇವೆ. ಯಾವ ಅಕ್ಷರದಲ್ಲಿ ಅಂತ ನಾನು ಬೇರೆ ಹೇಳಬೇಕೆ?

ಹೌದು ಕಣೇ, ಮುಗಿಯಿತು. ಚಳಿಗಾಲವಿಡೀ ಬಿಂದು ಆ ಟೇಬಲ್ಲು ಬಿಟ್ಟು ಏಳಲಿಲ್ಲ. ಅಕ್ಷರ ಚಿತ್ರಿಸುವುದು ಒಂದು ಕೆಲಸವಾದರೆ, ಅವು ಒಂದರ ಪಕ್ಕ ಒಂದು ಜಗಳವಾಡದೆ ಕೂರುವಂತೆ ಮಾಡುವುದು ಇನ್ನೊಂದು. ‘ತ್ತ’ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಕುಟ್ಟುತ್ತಿತ್ತು. ‘ಕೃ’ ಬರೆದರೆ ಕೊಂಡಿ ಎಲ್ಲೋ ದೂರ ನೇತಾಡುತ್ತಿತ್ತು. ಚನ್ನೇಶ್ ದಿನಾ ಸಂಜೆ ಅಂಗಡಿ ಮುಚ್ಚಿಕೊಂಡು ಬಂದು, ಬೇಕಂತಲೇ ಕಷ್ಟದ ಶಬ್ದಗಳನ್ನು ಟೈಪು ಮಾಡುತ್ತಿದ್ದ. ತಪ್ಪು ಸಿಕ್ಕರೆ ಹುಡುಗರ ಹಾಗೆ ಕುಣಿಯುತ್ತಿದ್ದ, ಬಿಂದು ಅವನನ್ನು ಬಡಿಯುವುದೊಂದು ಬಾಕಿ. ಕರೆಂಟು ಹೋದಾಗ ಊರೆಲ್ಲ ಸುಮ್ಮನಾದರೂ ನಮ್ಮನೆಯ ಆ ಪುಟ್ಟ ಪರದೆ ಬೆಳಗುತ್ತಿತ್ತು. ಬೀದಿಯವರು ಇಣುಕಿ ನೋಡಿ, "ಇವ್ರ ಮನೇಲಿ ಮಾತ್ರ ಕರೆಂಟ್ ಐತಲ್ರೀ" ಅನ್ನುತ್ತಿದ್ದರು.

ಇವರೇ ಪರೀಕ್ಷೆ ಮಾಡುವವರು. ದಿಂಬಿಗೆ ಒರಗಿ ಕೂತು ಒಂದೊಂದು ಅಕ್ಷರವನ್ನೂ ನೋಡಿ ಹೇಳುತ್ತಿದ್ದರು. "ಇದರ ಹೊಟ್ಟೆ ಇಳಿಬಿದ್ದೈತೆ, ಮೇಲೆತ್ತು." "ಈ ಬಾಲ ನಂದಲ್ಲ, ಯಾರ್ದೋ ತಂದು ಅಂಟ್ಸಿದಂಗೈತೆ." ಬಿಂದು ತಿದ್ದುವಳು, ಮತ್ತೆ ತೋರಿಸುವಳು. ಒಂದು ದಿನ ‘ಝ’ದ ಪ್ರಶ್ನೆ ಬಂತು. ಊರೂರು ಹುಡುಕಿದರೂ ‘ಝ’ ಇರುವ ಬೋರ್ಡು ಸಿಕ್ಕಿರಲಿಲ್ಲ. "ಅಪ್ಪಾಜಿ, ನೀವು ‘ಝ’ ಹೆಂಗ್ ಬರೀತಿದ್ರಿ? ಎಡಗೈಯಾಗೆ ಗಾಳೀಲಿ ಬರ್ದು ತೋರ್ಸಿ" ಅಂದಳು. ಇವರು ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, "ನೀನೇ ಬರಿ. ನಮ್ಮನೆದು ಹೌದೋ ಅಲ್ವೋ ನಾ ಹೇಳ್ತೀನಿ" ಅಂದರು. ಅವಳು ಬರೆದಳು. ಇವರು ಬಹಳ ಹೊತ್ತು ನೋಡಿ, "ಹೌದು, ನಮ್ಮನೆದೇ" ಅಂದರು. ಅವತ್ತು ನಾನು ಅಡುಗೆಮನೆಗೆ ಹೋದೆ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಎಲ್ಲರಿಗೂ ಶಾವಿಗೆ ಪಾಯಸ ಮಾಡಿದೆ.

ಮೊದಲ ಬೋರ್ಡು ಯಾರದು ಹೇಳು? ಹಾಲಮ್ಮನದೇ. ಸೊರಬದ ಪೋಸ್ಟಾಫೀಸ್ ಹತ್ತಿರದ ಹುಡುಗರ ಕಂಪ್ಯೂಟರಿಗೆ ಬಿಂದು ಅಕ್ಷರ ಹಾಕಿಕೊಟ್ಟಳು. ಅವರು ದೊಡ್ಡ ಕಾಗದದ ಮೇಲೆ ಅಚ್ಚು ತೆಗೆದು, ಅದನ್ನು ಹಲಗೆಗೆ ಅಂಟಿಸಿ ಕತ್ತರಿಸಿ ಬಣ್ಣ ತುಂಬಿದರು. ರಸ್ತೆ ಅಗಲವಾಗಿದೆ, ಖಾನಾವಳಿ ಎರಡು ಮಾರು ಹಿಂದೆ ಸರಿದಿದೆ. ಇವರನ್ನು ಕಾರು ಮಾಡಿಕೊಂಡು ಕರೆದುಕೊಂಡು ಹೋಗಿದ್ದೆವು. ಇಳಿದು ಕೋಲೂರಿ ನಿಂತರು. ಹಾಲಮ್ಮ ಒಳಗಿಂದ ಹಿಟ್ಟಿನ ಕೈಯಲ್ಲೇ ಬಂದಳು.

"ನೋಡ್ರಪ್ಪ, ನೀವೇ ಬಂದು ಬರ್ದಂಗೆ ಅದೆ. ನಿಮ್ಮದು ಹೌದಾ ಅಲ್ವಾ, ನೀವೇ ಹೇಳಿ!"

"ನನ್ನ ಕೈ. ಬರ್ದಿದ್ದು ಮಾತ್ರ ನನ್ನ ಮಗಳು" ಅಂದರು ಇವರು.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಬಿಂದು ತಲೆ ತಗ್ಗಿಸಿ ದುಪಟ್ಟಾದ ಅಂಚು ಮಡಚುತ್ತಿದ್ದಳು. ಹಾಲಮ್ಮ ನಮಗೆಲ್ಲ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ನಿನ್ನನ್ನೂ ಕೇಳಿದಳು.

ಈಗ ಶಿಕಾರಿಪುರದಲ್ಲೂ ಶುರುವಾಗಿದೆ. ಚನ್ನೇಶ್ ಮಾಡುವ ಲಗ್ನಪತ್ರಿಕೆಗಳಲ್ಲಿ ವಧುವರರ ಹೆಸರು ಇವರ ಅಕ್ಷರದಲ್ಲೇ ಬರುತ್ತವೆ. ಮೊನ್ನೆ ಯಾರೋ ಗುರುತಿಲ್ಲದವರು ಮನೆ ಮನೆಗೆ ಪತ್ರಿಕೆ ಹಂಚುತ್ತಾ ನಮ್ಮ ಬಾಗಿಲಿಗೂ ಬಂದರು. ಕೈಗೆ ತೆಗೆದುಕೊಂಡು ನೋಡಿದರೆ, ಬಂಗಾರಿ, ‘ಳ’ ಬಾಲ ಎತ್ತಿಕೊಂಡು ಹೊರಟಿದೆ! "ಇದು ನಮ್ಮನೆಯವರ ಅಕ್ಷರ ಕಣ್ರೀ" ಅಂದೆ. ಅವರು ನನ್ನನ್ನು ಒಂಥರಾ ನೋಡಿ, "ಹೌದಾ ಅಮ್ಮಾ, ಮದುವೆಗೆ ಬನ್ನಿ" ಅಂತ ಹೋದರು. ಹೋಗಲಿ, ನನಗೆ ಗೊತ್ತಲ್ಲ. ಗಂಡ ಕೈಯೆತ್ತಲಾರದೆ ಕೂತಿರುವಾಗಲೂ ಅವರ ಅಕ್ಷರ ಕಂಡಕಂಡವರ ಮದುವೆಗೆ ಓಡಾಡುತ್ತಿದೆ. ಯಾವ ಹೆಂಡತಿಗೆ ಇಂಥ ಜಂಬ ಸಿಕ್ಕೀತು ಹೇಳು.

ಸಂಗಮೇಶನೂ ಬಂದ. ಯುಗಾದಿಯ ಮರುದಿನ ಹೇಳದೆ ಕೇಳದೆ ಬಂದು ಪಡಸಾಲೆಯಲ್ಲಿ ಕೂತ. ಹಾಲಮ್ಮನ ಬೋರ್ಡು ನೋಡಿಕೊಂಡೇ ಬಂದಿದ್ದನಂತೆ. ನಾನು ಕೊಟ್ಟ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು, "ಬಿಂದು, ಆ ಒತ್ತು ಹೆಂಗ್ ಕೂರ್ಸಿದಿ ಅದನ್ಯಾಗ? ನಮ್ಮ ಹುಡುಗ್ರಿಗೆ ಆಗಿಲ್ಲ ಅದು" ಅಂದ. ಅವಳು ಲ್ಯಾಪ್‌ಟಾಪ್ ತಂದು ತೋರಿಸಿದಳು. ಮಾವ ಸೊಸೆ ಊಟಕ್ಕೆ ಕರೆದರೂ ಏಳಲಿಲ್ಲ. ಹೋಗುವಾಗ, "ನಾ ಅಂದಿದ್ದ ಮಷಿನ್ನೇ ಚಲೋ ಅಕ್ಕಾ, ಅದು ಈಗೂ ಖರೆ" ಅಂದ. ಹೌದಪ್ಪ ಅಂದೆ. "ಆದ್ರ ಇಕಿ ಮಾಡಿದ್ದು ಇನ್ನೂ ಚಲೋ" ಅಂದ. ಅಷ್ಟು ಸಾಕು ನನಗೆ.

ಅಕ್ಷರಕ್ಕೆ ಅಪ್ಪನ ಹೆಸರನ್ನೇ, ‘ಸದಾಶಿವ’ ಅಂತ ಇಟ್ಟಿದ್ದಾಳೆ. ಕೇಳಿದವರಿಗೆಲ್ಲ ಕೊಡುತ್ತಾಳೆ. ಅಷ್ಟು ಚೆಂದದ ಕೆಲಸ ಮಾಡಿಕೊಟ್ಟವಳು ಅಂತ ಶಿವಮೊಗ್ಗ, ಸಾಗರದಿಂದೆಲ್ಲ ಕೆಲಸ ಬರುತ್ತಿದೆ.

ಮದುವೆಯ ಮುಹೂರ್ತ, ಹೆಸರು ಎಲ್ಲ ಬಿಡಿಸಿ ಬರೆದು ಕಳಿಸು. ನಿನ್ನ ಮಗ ಸೊಸೆ ನೂರು ವರ್ಷ ಚೆನ್ನಾಗಿ ಬಾಳಲಿ. ನಿನ್ನ ಮನೆಗೆ ಬರುವ ಹುಡುಗಿ ನನ್ನ ಬಿಂದುವಿನ ಹಾಗೆ ನೆಟ್ಟಗೆ ನಿಲ್ಲುವವಳಾಗಲಿ ಅಂತ ಆ ಶಿವನನ್ನು ಕೇಳಿಕೊಳ್ಳುತ್ತೇನೆ.

ನಿನ್ನ,
ಮಾದೇವಿ

ತಾ.ಕ.: ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ಓದಿದ ಮೇಲೆ ಯಾರ ಹತ್ತಿರವೂ ಆಡಬೇಡ.

ಅಕ್ಷರ ಪೂರ್ತಿ ಮುಗಿದ ದಿನ ಬಿಂದು ಒಂದು ಹಾಳೆ ಅಚ್ಚು ಹಾಕಿ ತಂದು ಅಪ್ಪನ ಕೈಗೆ ಕೊಟ್ಟಳು. ಇವರು ಬಹಳ ಹೊತ್ತು ನೋಡಿ, "ಚೆನ್ನಾಗೈತೆ, ಒಂದೂ ತಪ್ಪಿಲ್ಲ" ಅಂದರು. ಅವಳು ಖುಷಿಯಿಂದ ಚನ್ನೇಶನಿಗೆ ಹೇಳಲು ಓಡಿದಳು. ಅವಳು ಬಾಗಿಲು ದಾಟಿದ ಮೇಲೆ ಇವರು ನನ್ನನ್ನು ಕರೆದು ಹಾಳೆ ಕೊಟ್ಟರು.

"ಏನಂತ ಬರ್ದಾಳೆ, ಓದ್ ಹೇಳು."

ಕನ್ನಡಕ ಬೇಕೇನೋ ಅಂತ ತೆಗೆದುಕೊಟ್ಟೆ. ಇವರು ಬೇಡ ಅಂತ ತಲೆಯಾಡಿಸಿದರು. "ಕಣ್ಣು ಕಾಣ್ತದೆ ಮಾದೇವಿ. ಅಕ್ಷರನೂ ಕಾಣ್ತವೆ. ಏನಂತ ಗೊತ್ತಾಗಲ್ಲ. ಅವತ್ತು ಬಿದ್ದಾಗಿಂದ" ಅಂದರು. ದಿನಾ ಪೇಪರು ಹಿಡಿದು ಕೂರುತ್ತಿದ್ದರಲ್ಲ, ಅದರಲ್ಲಿ ಒಂದು ಶಬ್ದವೂ ತಿಳಿಯುತ್ತಿರಲಿಲ್ಲವಂತೆ. ಮಗಳು ತೋರಿಸಿದ ಪ್ರತಿ ಅಕ್ಷರವೂ ಇವರಿಗೆ ಬರೀ ಚಿತ್ರ. ಹೂವೋ ಹಕ್ಕಿಯೋ ನೋಡಿದ ಹಾಗೆ ನೋಡಿ ತಿದ್ದಿಸಿದ್ದಾರೆ. ನಾನೊಬ್ಬಳೇ ಹೋಗಿ ಡಾಕ್ಟರನ್ನು ಕೇಳಿದೆ. ಲಕ್ವ ಹೊಡೆದಾಗ ಮಿದುಳಿನಲ್ಲಿ ಓದುವ ಜಾಗಕ್ಕೇ ಪೆಟ್ಟಾದರೆ ಹೀಗಾಗುತ್ತದಂತೆ. ಮರಳಿ ಬರಬಹುದು, ಬಾರದೆಯೂ ಇರಬಹುದು ಅಂದರು.

"ಹುಡುಗಿಗೆ ಹೇಳಬ್ಯಾಡ. ನಾನು ಓದ್ಲಿ ಅಂತ ಮಾಡಿದಾಳೆ ಅದು" ಅಂದರು. ಹೇಳಿಲ್ಲ.

ಹಾಳೆಯಲ್ಲಿ ಇದ್ದದ್ದು ಇಷ್ಟೇ: ‘ಇದು ನಮ್ಮ ಅಪ್ಪಾಜಿ ಸದಾಶಿವಪ್ಪನವರ ಅಕ್ಷರ. ಮನೆಯಲ್ಲಿ ಇವರ ಅಕ್ಷರ ನೋಡಿಯೇ ನಾನು ಓದಲು ಕಲಿತೆ.’ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು. ಮತ್ತೆ ಓದಿದೆ. ಎಡಗೈ ಬೆರಳನ್ನು ಒಂದು ಅಕ್ಷರದ ಮೇಲಿಟ್ಟು, "ಇದು ಯಾವ್ದು?" ಅಂತ ಕೇಳಿದರು.

"ಅದು ‘ಸ’ ರೀ. ನಿಮ್ಮ ಹೆಸರಿಂದು."

ಅದರ ಮೇಲೆ ಬೆರಳಾಡಿಸಿ ನೋಡಿದರು. "ಚಂದ ಐತೆ" ಅಂದರು.